ಒಂದು ತಂತಿ, ಆರು ಪಾಲು
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ಏಳನೆಯ ಇಯತ್ತೆಯವರೆಗೆ ಓದಿದವನು. ಕಂಪ್ಯೂಟರಿನ ವಿಷಯ ಮಾತಾಡಲು ಇವನಿಗೇನು ಯೋಗ್ಯತೆ ಎಂದು ನೀವು ಕೇಳಬಹುದು. ಯೋಗ್ಯತೆ ಒಂದೇ: ಈ ವಿಷಯದಲ್ಲಿ ನಾನು ತಪ್ಪು ಮಾಡಿದವನು.

ನಮ್ಮ ಕೋಣೆಯಲ್ಲಿ ಆರು ಜನ. ತಲಾ 100 ರೂಪಾಯಿ ಹಾಕಿ ಒಂದು ಇಂಟರ್ನೆಟ್ ಸಂಪರ್ಕ ತೆಗೆದುಕೊಂಡೆವು. ಎರಡು ಹಳೆಯ ಕಂಪ್ಯೂಟರು, ಆರು ಫೋನು. ಒಂದು ರಾತ್ರಿ ನಾನು ಒಂದು ಕಂಪ್ಯೂಟರಿನಲ್ಲಿ ಸಿನಿಮಾ ಇಳಿಸಲು ಹಾಕಿ ಮಲಗಿದೆ. 11 ಗಂಟೆಗೆ ಹೊಟೇಲಿನಿಂದ ಬಂದ ಹುಡುಗ ಇನ್ನೊಂದರಲ್ಲಿ ಪರೀಕ್ಷೆಯ ಅರ್ಜಿ ತುಂಬುತ್ತಿದ್ದ. ಅಂದೇ ಕೊನೆಯ ದಿನ. ಫೋಟೋ ಹೋಗಲೇ ಇಲ್ಲ. 12 ಹೊಡೆಯಿತು, ಅವಧಿ ಮುಗಿಯಿತು. ಬೆಳಿಗ್ಗೆ ಅವನು ಯಾರನ್ನೂ ಬೈಯಲಿಲ್ಲ, ಎಂದಿನಂತೆ ಕೆಲಸಕ್ಕೆ ಹೋದ. ನನ್ನ ಸಿನಿಮಾಕ್ಕಾಗಿ ಅವನ ಒಂದು ವರ್ಷ ಹೋಯಿತು.

ಆಮೇಲೆ ತಿಳಿದವರನ್ನು ಕೇಳಿ ಕಲಿತುದನ್ನು ಹೇಳುತ್ತೇನೆ.

ಒಂದೇ ತಂತಿಯಲ್ಲಿ ಎಂಟು ಯಂತ್ರಗಳು ನಡೆಯುವುದು ಹೇಗೆ? ನಮ್ಮ ಹೊಟೇಲನ್ನೇ ನೋಡಿ. ಹೊರಗಿನವರಿಗೆ ಹೊಟೇಲಿನ ವಿಳಾಸ ಒಂದೇ. ಒಳಗೆ ಟೇಬಲುಗಳಿಗೆ ಬೇರೆ ಬೇರೆ ನಂಬರು. 4ನೇ ನಂಬರಿನ ಟೇಬಲು ಊರಿನ ಎಲ್ಲ ಹೊಟೇಲುಗಳಲ್ಲೂ ಉಂಟು. ಆದರೆ ಆ ನಂಬರಿಗೆ ಟಪಾಲು ಬರುವುದಿಲ್ಲ. ಮಾಣಿಯು ಯಾವ ಟೇಬಲಿಗೆ ಏನೆಂದು ನೆನಪಿಟ್ಟು ಒಳಗೆ ಕೂಗಿ ಹೇಳುತ್ತಾನೆ. ಬಂದ ದೋಸೆಯನ್ನು ಕೇಳಿದವರ ಮುಂದೆಯೇ ಇಡುತ್ತಾನೆ. ರೌಟರ್ ಎಂಬ ಪೆಟ್ಟಿಗೆಯೇ ಈ ಮಾಣಿ.

ಹಳೆಯ ಪದ್ಧತಿಯಲ್ಲಿ ಇಡೀ ಜಗತ್ತಿಗೆ ಇರುವ ವಿಳಾಸಗಳು ಸುಮಾರು 430 ಕೋಟಿ. ಅವು ಸಾಲವೆಂದು ಕಂಡು 1994ರಲ್ಲಿ ಎಂಜಿನಿಯರುಗಳು ಈ ಮಾಣಿಯ ಉಪಾಯವನ್ನು ಬರೆದು ಪ್ರಕಟಿಸಿದರು. ಒಳಬಳಕೆಗೆಂದೇ ಕೆಲವು ಅಂಕೆಗಳನ್ನು ತೆಗೆದಿರಿಸಿದರು. ನಿಮ್ಮ ಯಂತ್ರದಲ್ಲಿ 192.168 ಎಂದು ಆರಂಭವಾಗುವ ಅಂಕೆ ಕಂಡರೆ ಅದು ಟೇಬಲಿನ ನಂಬರೆಂದು ತಿಳಿಯಿರಿ.

ಆದರೆ ಒಲೆ ಒಂದೇ. ನಮ್ಮದು 40 ಮೆಗಾಬಿಟ್ಟಿನ ಸಂಪರ್ಕ. 8 ಬಿಟ್ಟಿಗೆ ಒಂದು ಬೈಟು. ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 5 ಮೆಗಾಬೈಟು. ಒಬ್ಬನು ನೂರು ದೋಸೆ ಹೇಳಿದರೆ ಒಂದು ಚಹಾ ಕೇಳಿದವನೂ ಕಾಯಬೇಕು. ನಮ್ಮ ಪೆಟ್ಟಿಗೆಗೆ ಸಿನಿಮಾವೂ ಒಂದೇ, ಪರೀಕ್ಷೆಯ ಅರ್ಜಿಯೂ ಒಂದೇ. ನ್ಯಾಯ ಮಾಡತಕ್ಕವರು ನಾವು.

ಆದುದರಿಂದ ನಾವು ಆರೂ ಜನ ಕುಳಿತು ಕಟ್ಟಳೆ ಮಾಡಿಕೊಂಡೆವು. ರಾತ್ರಿ 10ರಿಂದ 1ರವರೆಗೆ ಓದು, ಅರ್ಜಿ ಮತ್ತು ಊರಿನೊಡನೆ ಮಾತು. ಸಿನಿಮಾ ಇಳಿಸುವುದೇನಿದ್ದರೂ ಆಮೇಲೆ. ಕಂಪ್ಯೂಟರುಗಳಿಗೆ ರೌಟರಿನಿಂದ ತಂತಿಯನ್ನೇ ಎಳೆದೆವು. ಅಂಥ ತಂತಿ 100 ಮೀಟರಿನವರೆಗೂ ನಡೆಯುತ್ತದೆ. ಕಬ್ಬಿಣದ ಕಪಾಟಿನ ಹಿಂದಿದ್ದ ಪೆಟ್ಟಿಗೆಯನ್ನು ಎತ್ತರದಲ್ಲಿ ಬಯಲಿಗೆ ಇಟ್ಟೆವು. ತಂತಿಯಿಲ್ಲದ ಸಂಪರ್ಕದಲ್ಲಿ 5 ಗಿಗಾಹರ್ಟ್ಸಿನದು ವೇಗದ್ದು, ಆದರೆ ಗೋಡೆಗೆ ಸೋಲುತ್ತದೆ, 2.4ರದು ನಿಧಾನ, ಆದರೆ ಗೋಡೆಯಾಚೆಗೂ ತಲುಪುತ್ತದೆ.

ಪಾಸ್‌ವರ್ಡಿನ ವಿಷಯ ಹಗುರವಾಗಿ ಎಣಿಸಬೇಡಿ. ಪೆಟ್ಟಿಗೆಯೊಡನೆ ಬಂದುದನ್ನು ಬದಲಿಸಿ. ಯಾರಾದರೂ ಕೋಣೆ ಬಿಟ್ಟುಹೋದಾಗ ಮತ್ತೆ ಬದಲಿಸಿ. ಸಂಪರ್ಕ ಇರುವುದು ಒಬ್ಬನ ಹೆಸರಿನಲ್ಲಿ. ಹೊರಗೆ ಕಾಣುವುದು ಹೊಟೇಲಿನ ವಿಳಾಸವೇ ಹೊರತು ಟೇಬಲಲ್ಲ. ಯಾರೋ ಕೆಟ್ಟ ಕೆಲಸ ಮಾಡಿದರೆ ಮೊದಲು ಪ್ರಶ್ನೆ ಬರುವುದು ಆ ಹೆಸರಿನವನಿಗೆ. ಪಕ್ಕದ ಕೋಣೆಗೂ ಕೊಡುವ ಮನಸ್ಸಿದ್ದರೆ ಕಂಪನಿಯ ಕರಾರನ್ನು ಮೊದಲು ಯಾರಿಂದಲಾದರೂ ಓದಿಸಿಕೊಳ್ಳಿ.

ಕೊನೆಯದಾಗಿ ಹಣದ ಮಾತು. ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡಿ. ಕೆಲಸ ಹೋದವನ ಪಾಲನ್ನು ಅವನಿಗೆ ಕೆಲಸ ಸಿಗುವವರೆಗೆ ಉಳಿದವರು ಹೊರಿ. ಕೆಲಸ ಹುಡುಕುವವನಿಗೇ ಸಂಪರ್ಕ ಹೆಚ್ಚು ಬೇಕು. ಅವನನ್ನೇ ಹೊರಗಿಟ್ಟರೆ ನಾವು ಕೂಡಿ ಬಾಳಿ ಏನು ಪ್ರಯೋಜನ?

ಆ ಹುಡುಗ ಈ ವರ್ಷ ಮತ್ತೆ ಅರ್ಜಿ ತುಂಬಿದ, ಕೊನೆಯ ದಿನಕ್ಕೆ ಕಾಯದೆ. ಅದು ಹೋಗಿ ಸೇರುವವರೆಗೆ ನಾವು ಐವರೂ ಫೋನು ಬಂದು ಮಾಡಿ ಅವನ ಹಿಂದೆ ನಿಂತಿದ್ದೆವು.