ಕಣ್ಮರೆಯ ವಿಮಾನಕ್ಕೆ ಆಕಾಶದ ಸೂತ್ರ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಗಡಿನಾಡಿನ ಸಂಘದ ವಾರ್ಷಿಕೋತ್ಸವದಲ್ಲಿ ನಾಡುನುಡಿಗಳ ಕುರಿತು ಮಾತನಾಡುವುದು ವಾಡಿಕೆ. ಇಂದು ನಾವು ಆಯ್ದುಕೊಂಡಿರುವುದು ಯಂತ್ರಕ್ಕೆ ಸಂಬಂಧಿಸಿದ ವಿಷಯ: ಚಾಲಕನಿಲ್ಲದೆ ಹಾರುವ ಡ್ರೋನ್ ಎಂಬ ಪುಟ್ಟ ವಿಮಾನ, ಹಾಗೂ ಅದು ಕಣ್ಣಳತೆಯನ್ನು ದಾಟಿದ ಮೇಲೆ ಅದನ್ನು ಹಿಡಿದಿಡಬಲ್ಲ ಉಪಗ್ರಹ ಸಂಪರ್ಕ. ವಿಷಯವು ದೂರದ್ದೆಂದು ತೋರಬಹುದು. ಭೀಮಾತೀರದ ನಮಗೆ ಅದು ಹತ್ತಿರದ್ದೇ.

2020ರ ಅಕ್ಟೋಬರದ ಭೀಮೆಯ ಮಹಾಪೂರವನ್ನು ಈ ಸಭೆಯಲ್ಲಿ ಮರೆತವರು ಇರಲಾರರು. ಈಚೆ ದಂಡೆಯಲ್ಲಿ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ. ಆಚೆ ದಂಡೆಯಲ್ಲಿ ಇಂಡಿ. ಕೆಳಗೆ ಹರಿದರೆ ಅಫಜಲಪುರ. ನೀರು ಯಾವ ರಾಜ್ಯದ ಗಡಿಯನ್ನೂ ಕೇಳಲಿಲ್ಲ. ಇಂಥ ಪೂರದಲ್ಲಿ ಮೊದಲು ರಸ್ತೆ ಮುಳುಗುತ್ತದೆ, ಬಳಿಕ ವಿದ್ಯುತ್ತು ಹೋಗುತ್ತದೆ, ಬ್ಯಾಟರಿ ತೀರಿದೊಡನೆ ಮೊಬೈಲ್ ಗೋಪುರವೂ ಮೂಕವಾಗುತ್ತದೆ. ಹಾವು ಕಚ್ಚಿದವನು ನಡುಗಡ್ಡೆಯಾದ ಊರಿನಲ್ಲಿ, ಅವನಿಗೆ ಬೇಕಾದ ಮದ್ದು ತಾಲೂಕಿನ ದವಾಖಾನೆಯಲ್ಲಿ. ನಡುವಿನ ನೀರನ್ನು ದಾಟಿಸುವವರಾರು?

ಡ್ರೋನ್ ದಾಟಿಸಬಲ್ಲದು. ಇದು ಕೇವಲ ಊಹೆಯಲ್ಲ. 2021ರ ಜೂನ್ ತಿಂಗಳಲ್ಲಿ ಗೌರಿಬಿದನೂರಿನ ಬಯಲಿನಲ್ಲಿ ಬೆಂಗಳೂರಿನ ಥ್ರಾಟಲ್ ಏರೋಸ್ಪೇಸ್ ಸಂಸ್ಥೆಯು ನಾರಾಯಣ ಹೆಲ್ತ್ ಸಂಸ್ಥೆಯೊಡನೆ ಔಷಧ ಸಾಗಣೆಯ ಪ್ರಯೋಗವನ್ನು ಆರಂಭಿಸಿತು. ಹಾರಿಸುವವನ ಕಣ್ಣಿಗೆ ಕಾಣದಷ್ಟು ದೂರ ಡ್ರೋನನ್ನು ಕಳುಹಿಸುವುದೇ ಆ ಪ್ರಯೋಗದ ತಿರುಳಾಗಿತ್ತು. ಅದರಲ್ಲಿ ಬಳಸಿದ ಒಂದು ಡ್ರೋನ್ 1 ಕಿಲೋ ಭಾರವನ್ನು 15 ಕಿ.ಮೀ. ಒಯ್ಯಬಲ್ಲುದಾಗಿತ್ತು.

ಕಣ್ಣಿಗೆ ಕಾಣದುದನ್ನು ಕೈ ಹೇಗೆ ನಡೆಸೀತು? ಸಂಕ್ರಾಂತಿಯ ಗಾಳಿಪಟಕ್ಕೆ ದಾರವಿದೆ. ಡ್ರೋನಿಗೆ ರೇಡಿಯೋ ಅಲೆಯೇ ದಾರ. ಈ ಅಲೆ ಬಹುಮಟ್ಟಿಗೆ ನೋಟದಂತೆ ನೇರವಾಗಿ ಸಾಗುತ್ತದೆ. ಜೋಳದ ಹೊಲದಲ್ಲಿ ಹಕ್ಕಿ ಕಾಯುವವನು ಅಟ್ಟವನ್ನೇರುವುದೇಕೆ? ನೆಲದ ಮೇಲೆ ನಿಂತರೆ ತೆನೆಯೇ ಅಡ್ಡ. ಮೇಲೇರಿದಷ್ಟೂ ನೋಟ ದೂರ. ಅಲೆಯ ನ್ಯಾಯವೂ ಇದೇ. ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು ನಾಲ್ಕರಿಂದ ಗುಣಿಸಿದರೆ, ಅಲೆ ತಲುಪುವ ದೂರ ಸುಮಾರಾಗಿ ಕಿಲೋಮೀಟರಿನಲ್ಲಿ ದೊರೆಯುತ್ತದೆ. 100 ಮೀಟರ್ ಎತ್ತರದ ಡ್ರೋನಿಗೆ 40 ಕಿ.ಮೀ.; ಎಂದರೆ ಸೊಲ್ಲಾಪುರದಿಂದ ಅಕ್ಕಲಕೋಟೆಯವರೆಗೆ. ಆದರೆ ಇದು ನೆಲ ಹರಿವಾಣದಂತೆ ಸಮವಾಗಿದ್ದರೆ ಮಾತ್ರ. ಗುಡ್ಡ, ಮರ, ಕಟ್ಟಡಗಳು ಈ ಲೆಕ್ಕವನ್ನು ಕಡಿಯುತ್ತವೆ. ಅದಕ್ಕಿಂತ ಮುಖ್ಯವಾಗಿ, ಮದ್ದನ್ನು ಇಳಿಸಲು ಡ್ರೋನ್ 4 ಮೀಟರಿಗೆ ಇಳಿದರೆ ದೂರವೂ 8 ಕಿ.ಮೀ.ಗೆ ಇಳಿಯಿತು. ಕೆಲಸ ಕೈಗೂಡುವ ಗಳಿಗೆಯಲ್ಲಿಯೇ ದಾರ ಹರಿಯುತ್ತದೆ!

ದೊಡ್ಡ ವಿಮಾನಗಳಿಗೆ ಈ ಕಷ್ಟ ಕಡಿಮೆ. 2023ರ ಜೂನ್ 16ರಂದು ಚಿತ್ರದುರ್ಗದ ವೈಮಾನಿಕ ಪರೀಕ್ಷಾ ನೆಲೆಯಿಂದ ಹೊರಟ ‘ತಪಸ್’ ಎಂಬ ಚಾಲಕರಹಿತ ವಿಮಾನವು 20,000 ಅಡಿ ಎತ್ತರದಲ್ಲಿ ಹಾರಿತು. ಕಾರವಾರದ ನೆಲೆಯಿಂದ 148 ಕಿ.ಮೀ. ದೂರದ ಕಡಲಲ್ಲಿದ್ದ ‘ಸುಭದ್ರಾ’ ನೌಕೆಯು ಅದನ್ನು 40 ನಿಮಿಷ ನಡೆಸಿತು. ಎತ್ತರದ ಮಹಿಮೆ ಅಂಥದು. ಮದ್ದು ಹೊರುವ ಪುಟ್ಟ ಡ್ರೋನಿಗೆ ಆ ಎತ್ತರ ದಕ್ಕದು. ಆದುದರಿಂದ ಅದರ ಅಟ್ಟವನ್ನು ಆಕಾಶದಲ್ಲಿಯೇ ಕಟ್ಟಬೇಕಾಗುತ್ತದೆ. ಉಪಗ್ರಹವೇ ಆ ಅಟ್ಟ.

ಉಪಗ್ರಹಗಳಲ್ಲಿ ಎರಡು ಬಗೆ. ಭೂಮಧ್ಯರೇಖೆಯ ಮೇಲೆ 35,786 ಕಿ.ಮೀ. ಎತ್ತರದಲ್ಲಿರುವವು ನಮಗೆ ನಿಂತಲ್ಲಿಯೇ ನಿಂತಂತೆ ಕಾಣುತ್ತವೆ. ಬೆಳಕಿನ ವೇಗದಲ್ಲಿ ಹೋದರೂ ಮಾತು ಅಲ್ಲಿಗೇರಿ ಇಳಿಯಲು ಕಾಲು ಸೆಕೆಂಡು ಬೇಕು. ಎರಡನೆಯವು ಐನೂರು, ಎಂಟುನೂರು ಕಿ.ಮೀ. ಎತ್ತರದಲ್ಲಿ ಓಡುವವು. ದೂರ ಕಡಿಮೆಯಾದುದರಿಂದ ಕ್ಷೀಣವಾದ ದನಿಯೂ ಅವುಗಳಿಗೆ ಕೇಳಿಸುತ್ತದೆ, 550 ಕಿ.ಮೀ. ಎತ್ತರದ ಉಪಗ್ರಹಕ್ಕೆ ಅದೇ ದನಿ ನಾಲ್ಕು ಸಾವಿರ ಪಟ್ಟಿಗೂ ಮೀರಿ ಬಲವಾಗಿ ತಲುಪುತ್ತದೆ. ಆದರೆ ಒಂದೊಂದೂ ನಮ್ಮ ನೆತ್ತಿಯ ಮೇಲಿರುವುದು ಕೆಲವೇ ನಿಮಿಷ. ಒಂದು ಮರೆಯಾಗುವಾಗ ಇನ್ನೊಂದು ಬರಬೇಕು. ಅದಕ್ಕಾಗಿಯೇ ಇರಿಡಿಯಮ್ ಜಾಲದಲ್ಲಿ 66 ಉಪಗ್ರಹಗಳು.

ಇನ್ನು ಭಾರದ ಪ್ರಶ್ನೆ. ವಿಷಯದ ಮರ್ಮವೇ ಇಲ್ಲಿದೆ. 1 ಕಿಲೋ ಹೊರುವ ಡ್ರೋನಿನಲ್ಲಿ ಸಂಪರ್ಕದ ಯಂತ್ರವೇ 200 ಗ್ರಾಂ ತೂಗಿದರೆ, ಮದ್ದಿನಲ್ಲಿ ಐದನೆಯ ಒಂದು ಪಾಲು ಹೋಯಿತು. ಸಾಲದುದಕ್ಕೆ ಅದು ಬ್ಯಾಟರಿಯನ್ನೂ ತಿನ್ನುತ್ತದೆ. ಚಿತ್ರವನ್ನು ಎಡೆಬಿಡದೆ ಕಳುಹಿಸಬೇಕೆಂದರೆ ಉಪಗ್ರಹದತ್ತ ಮುಖಮಾಡಿಯೇ ಇರುವ ಆಂಟೆನಾ ಬೇಕು, ಹೆಚ್ಚು ಶಕ್ತಿ ಬೇಕು. ಚಿಕ್ಕ ಡ್ರೋನಿಗೆ ಅದು ಎತ್ತಿನ ಹೊರೆಯನ್ನು ಕರುವಿನ ಮೇಲೆ ಹೇರಿದಂತೆ. ಚಿತ್ರದ ಆಸೆಯನ್ನು ಬಿಟ್ಟರೆ ದಾರಿ ಸುಗಮ. ಇರಿಡಿಯಮ್ ಜಾಲದ ಒಂದು ಚಿಕ್ಕ ಯಂತ್ರದ ತೂಕ, ಆಂಟೆನಾ ಹೊರತು, ಸುಮಾರು 11 ಗ್ರಾಂ. ಒಂದು ಸಲಕ್ಕೆ ಅದು ಕಳುಹಿಸುವುದು 340 ಬೈಟುಗಳನ್ನು ಮಾತ್ರ. ಗಣಕದ ರೂಢಿಯಂತೆ ಕನ್ನಡದಲ್ಲಿ ಬರೆದರೆ ನೂರು ಚಿಲ್ಲರೆ ಅಕ್ಷರಚಿಹ್ನೆಗಳು. ಒಂದು ಕಾರ್ಡಿನ ಮೇಲಿನ ಎರಡು ಸಾಲು! ಆದರೆ “ನಾನಿಲ್ಲಿರುವೆ, ಇಷ್ಟೆತ್ತರದಲ್ಲಿರುವೆ, ಬ್ಯಾಟರಿ ಇಷ್ಟಿದೆ” ಎಂದು ಡ್ರೋನ್ ಹೇಳುವುದಕ್ಕೂ, “ಮರಳಿ ಬಾ” ಎಂದು ನಾವು ಹೇಳುವುದಕ್ಕೂ ಅಷ್ಟೇ ಧಾರಾಳ. ಮಾತು ತಲುಪುವುದು ಕೆಲವು ಸೆಕೆಂಡು ತಡವಾದೀತು; ಆದಕಾರಣ ದಾರಿಯನ್ನು ಹಿಡಿದು ಹಾರುವ ಕೆಲಸವನ್ನು ಡ್ರೋನಿಗೇ ಮೊದಲು ಕಲಿಸಿರಬೇಕು. ದಾರ ಹರಿದರೆ ತಾನಾಗಿಯೇ ಮನೆಗೆ ಮರಳುವುದನ್ನೂ ಕಲಿಸಿರಬೇಕು.

ಇವೆಲ್ಲವೂ ಕಾನೂನಿನ ಚೌಕಟ್ಟಿನಲ್ಲಿ ನಡೆಯತಕ್ಕವು. ಕಣ್ಣಳತೆಯಾಚೆಗಿನ ಹಾರಾಟಕ್ಕೆ ವಿಶೇಷ ಅನುಮತಿ ಬೇಕು. ಉಪಗ್ರಹ ದೂರವಾಣಿಯನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ. ಪೂರ ಬಂದ ದಿನ ಅರ್ಜಿ ಬರೆದು ಫಲವಿಲ್ಲ. ಎರಡೂ ದಂಡೆಗಳ ಜಿಲ್ಲಾಡಳಿತಗಳು ಬೇಸಿಗೆಯಲ್ಲಿಯೇ ಕೂಡಿ ಕುಳಿತು, ಯಾವ ಊರಿಗೆ ಯಾವ ದವಾಖಾನೆಯಿಂದ ಯಾವ ದಾರಿ ಎಂಬುದನ್ನು ಗೊತ್ತುಮಾಡಿಟ್ಟರೆ ಮಾತ್ರ ಈ ವಿದ್ಯೆ ನಮಗೆ ಒದಗೀತು. ಹಾಗೆ ಒತ್ತಾಯಿಸುವುದು ನಮ್ಮಂಥ ಸಂಘಗಳ ಕರ್ತವ್ಯವೆಂದು ನಾವು ಭಾವಿಸುತ್ತೇವೆ.

ಉಪಗ್ರಹವು ಈ ಸೀಮೆಗೆ ಹೊಸ ಅತಿಥಿಯಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ದೇಶದ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ಬಂದವು. ನಮ್ಮ ನೆರೆಯ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು. ಅಂದು ಹಳ್ಳಿಯಲ್ಲಿ ನಿಲ್ಲಿಸಿದ ತಂತಿಬಲೆಯ ಆಂಟೆನಾ ಸುಮಾರು 10 ಅಡಿ ಅಗಲ. ಇಂದಿನದು ಅಂಗೈಯಲ್ಲಿ ಅಡಗುತ್ತದೆ. ಆದರೆ ಆ ಪ್ರಯೋಗದ ಹಿರಿಮೆ ಆಂಟೆನಾದ ಅಳತೆಯಲ್ಲಿರಲಿಲ್ಲ. ಒಕ್ಕಲುತನದ ಮಾತು, ಆರೋಗ್ಯದ ಮಾತು ಆ ಹಳ್ಳಿಗಳಿಗೆ ಕನ್ನಡದಲ್ಲಿ ಬಂದಿತೆಂಬುದರಲ್ಲಿತ್ತು.

ಗಡಿಯ ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವ ತಾಯಿತಂದೆಗಳ ಮನಸ್ಸಿನಲ್ಲಿ ಒಂದು ಅಳುಕಿದೆ: ಹೊಸ ವಿದ್ಯೆ ಈ ನುಡಿಯಲ್ಲಿ ಸಿಕ್ಕೀತೇ ಎಂದು. ವರ್ಗಮೂಲವನ್ನು ಬಲ್ಲ ನಮ್ಮ ಹುಡುಗಿಯೊಬ್ಬಳು ಅಲೆಯ ದೂರವನ್ನು ಇಲ್ಲಿಯೇ ಕುಳಿತು ಕನ್ನಡದಲ್ಲಿ ಗುಣಿಸಬಲ್ಲಳು. ನಾಳೆ ಭೀಮೆ ಉಕ್ಕಿದಾಗ ಆಕಾಶದ ಸೂತ್ರವನ್ನು ಹಿಡಿಯುವ ಕೈ ಈ ಊರುಗಳ ಹೊಲ, ಹಳ್ಳ, ದಾರಿಗಳನ್ನು ಬಲ್ಲ ಕೈಯೇ ಆಗಲಿ ಎಂದು ಹಾರೈಸುತ್ತೇವೆ.