ಏರಿಯ ಬುಡದಲ್ಲಿ ಜಿನುಗುವ ನೀರು

ಭಾರತೀನಗರದ ಕಡೆ ಭತ್ತಕ್ಕೆ, ಕಬ್ಬಿಗೆ ನೀರು ಬರೋದು ಕನ್ನಂಬಾಡಿ ಅಣೆಕಟ್ಟೆಯಿಂದ, ವಿಶ್ವೇಶ್ವರಯ್ಯ ನಾಲೆಯಲ್ಲಿ. ಹಾಗಾಗಿ ಅಣೆಕಟ್ಟೆಯ ಭದ್ರತೆ ಅಂದ ಕೂಡಲೇ ನಮ್ಮ ಕಣ್ಣು ಹೋಗೋದು 1911ರಲ್ಲಿ ಶುರುವಾದ ಆ ಸುರ್ಕಿ ಗಾರೆಯ ಕಲ್ಲುಕಟ್ಟಡದ ಮೇಲೆ. ಇವತ್ತಿನ ಮಾತು ಮಣ್ಣಿನ ಏರಿಗಳದ್ದು. ಮದ್ದೂರಿಗೆ ಬರುವ ಶಿಂಷೆಗೆ ಮೇಲೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಮೈಸೂರು ಸಂಸ್ಥಾನದ ಕಾಲದ ಜಲಾಶಯವಿದೆ: ನಡುವೆ ಕಲ್ಲುಕಟ್ಟಡ, ಎರಡೂ ಪಕ್ಕ ಉದ್ದಕ್ಕೆ ಮಣ್ಣಿನ ಏರಿ. ಚನ್ನಪಟ್ಟಣದ ಕಣ್ವ ಜಲಾಶಯ 1946ರದ್ದು. ಇಂಥ ವಯಸ್ಸಾದ ಏರಿಗಳ ಬುಡದಲ್ಲಿ ನೀರು ಜಿನುಗಿದರೆ ಮೊದಲು ಕೇಳಿಬರುವ ಸಲಹೆ, ತಳಪಾಯ ಕೊರೆದು ಸಿಮೆಂಟ್ ಹಾಲು ತುಂಬಿ ಅನ್ನೋದು. ಗ್ರೌಟಿಂಗ್ ಬೇಕು, ಒಪ್ಪುತ್ತೇನೆ. ಆದರೆ ಅಳತೆಯೂ ಇಲ್ಲದೆ, ಒಳಗಿನ ನೀರಿಗೆ ಹೊರದಾರಿಯೂ ಇಲ್ಲದೆ ಮಾಡಿದ ಗ್ರೌಟಿಂಗನ್ನು ನಂಬಿ ಕೂರಬಾರದು.

ಕಾರಣ ನೆಲದಲ್ಲೇ ಇದೆ. ಈ ಸೀಮೆಯ ಅಡಿಯಲ್ಲಿರೋದು ನೈಸ್ ಶಿಲೆ. ಗಟ್ಟಿ ಬಂಡೆಯೊಳಗೆ ನೀರು ತೂರೋದಿಲ್ಲ. ಬಂಡೆಯ ಬಿರುಕುಗಳಲ್ಲಿ, ಅದರ ಮೇಲಿನ ಶಿಥಿಲವಾದ ಪದರದಲ್ಲಿ ಹರಿಯುತ್ತದೆ. ಎಷ್ಟು ಹರಿಯುತ್ತದೆ ಎಂದು ತಿಳಿಯಲು ಬಂಡೆಗೆ ರಂಧ್ರ ಕೊರೆದು, ಅದರ ಒಂದೊಂದು ಭಾಗವನ್ನೂ ಬಿಗಿಯಾಗಿ ಮುಚ್ಚಿ, ಒತ್ತಡದಲ್ಲಿ ನೀರು ತಳ್ಳಿ ನೋಡುತ್ತಾರೆ. 10 ಬಾರ್ ಒತ್ತಡಕ್ಕೆ ಒಂದು ಮೀಟರ್ ಉದ್ದದಲ್ಲಿ ನಿಮಿಷಕ್ಕೆ ಒಂದು ಲೀಟರ್ ಹೀರಿದರೆ ಅದು ಒಂದು ಲುಜಿಯಾನ್. ಬಿರುಕು ಅಗಲವಾಗಿದ್ದರೆ ಸಿಮೆಂಟ್ ಒಳಹೊಕ್ಕು ಗಟ್ಟಿಯಾಗುತ್ತದೆ. ಶಿಥಿಲ ಪದರದ ನುಣ್ಣನೆ ಮರಳು, ಜೇಡಿಯೊಳಗೆ ಮಾಮೂಲಿ ಸಿಮೆಂಟಿನ ಕಣ ಹೋಗೋದೇ ಇಲ್ಲ. ಹಟ ಹಿಡಿದು ಒತ್ತಡ ಏರಿಸಿದರೆ ಮಣ್ಣು ಸೀಳಿ ನೀರಿಗೆ ಹೊಸ ದಾರಿ ಆಗುತ್ತದೆ. ಏರಿಯ ಮಣ್ಣನ್ನು ಕೊರೆದು ದಾಟುವಾಗಲೂ ಇದೇ ಅಪಾಯ. ಅಲ್ಲಿ ಕೇಸಿಂಗ್ ಪೈಪ್ ಇಳಿಸಿ, ಒತ್ತಡದ ನೀರು ಬಳಸದೆ ಕೊರೆಯಬೇಕು. ಆದ್ದರಿಂದ ಇಷ್ಟು ಮೂಟೆ ಸಿಮೆಂಟ್ ಇಳಿಯಿತು ಅನ್ನೋದು ಖರ್ಚಿನ ಲೆಕ್ಕ ಮಾತ್ರ.

ಅಮೆರಿಕದ ಐಡಾಹೋದಲ್ಲಿ ಟೀಟನ್ ಅಣೆಕಟ್ಟೆಗೆ ಮೂರು ಸಾಲು ಗ್ರೌಟಿಂಗ್ ಆಗಿತ್ತು. 1976ರ ಜೂನ್ 5ರಂದು, ಮೊದಲ ಸಲ ತುಂಬುತ್ತಿರುವಾಗಲೇ ಒಡೆದು 11 ಜನ ಸತ್ತರು. ಬಂಡೆಯ ಮೇಲ್ಭಾಗದ ಮುಚ್ಚದ ಬಿರುಕುಗಳ ಪಕ್ಕದ ನುಣ್ಣನೆ ಮಣ್ಣು ಕೊಚ್ಚಿಹೋಗಿತ್ತು. ಅದಕ್ಕೂ ಮುಂಚೆ, 1961ರಲ್ಲೇ, ಮಣ್ಣಿನ ಇಂಜಿನಿಯರಿಂಗ್ ತಜ್ಞ ಆರ್ಥರ್ ಕ್ಯಾಸಗ್ರಾಂಡೆ ಅಣೆಕಟ್ಟೆಗಳ ಅಳತೆಗಳನ್ನು ಮುಂದಿಟ್ಟು, ತಳದ ನೀರಿನ ಒತ್ತಡ ಇಳಿಸುವುದರಲ್ಲಿ ಗ್ರೌಟ್ ಪರದೆಗಿಂತ ಬಸಿಗಾಲುವೆ ವ್ಯವಸ್ಥೆಯೇ ಹೆಚ್ಚು ಭರವಸೆಯದು ಎಂದಿದ್ದರು.

80 ವರ್ಷ ನಿಂತಿರುವ ಏರಿಗೆ ಈಗೇನು ಭಯ ಅಂತ ಕೇಳಬಹುದು. ಜಿನುಗು ನೀರು ಮಣ್ಣಿನ ಕಣ ಹೊತ್ತು ಬರಲು ಶುರುವಾದರೆ ಟೊಳ್ಳು ಬುಡದಿಂದ ಒಳಕ್ಕೆ ಬೆಳೆಯುತ್ತಾ ಹೋಗುತ್ತದೆ. ಹೊರಗೆ ಕಾಣೋದು ಕೊನೆಗೆ. ತಿಳಿನೀರು ಬಂದರೆ ಅಳೆಯುತ್ತಾ ಇರಿ, ಕದಡಿದ ನೀರು ಬಂದರೆ ಅದೇ ದಿನ ಇಂಜಿನಿಯರನ್ನು ಕರೆಸಿ. ಇನ್ನೊಂದು ಆಕ್ಷೇಪ ಮಂಡ್ಯದವರದ್ದೇ, ನ್ಯಾಯವಾದದ್ದು: ಒಂದೊಂದು ಟಿಎಂಸಿಗೂ ಹೋರಾಡುವ ನಾವು ನೀರನ್ನು ಹೊರಗೆ ಬಿಡಬೇಕಾ? ಮರಳು-ಜಲ್ಲಿಯ ಸೋಸುಪದರದಿಂದ ಬಸಿಯುವ ನೀರನ್ನು ಕೆಳಗಿನ ಕಾಲುವೆಗೇ ಸೇರಿಸಬಹುದು. ಅದನ್ನು ಉಳಿಸಲು ಜಿನುಗುವ ಬಾಯಿಗೆ ಜೇಡಿಯನ್ನೋ ಕಾಂಕ್ರೀಟನ್ನೋ ಮೆತ್ತಿದರೆ ಒತ್ತಡ ಒಳಗೇ ಏರುತ್ತದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯಲ್ಲಿ ಮಳೆಗಾಲಕ್ಕೆ ಮುಂಚೆ ಮತ್ತು ನಂತರ ತಪಾಸಣೆ ಕಡ್ಡಾಯ. ಗ್ರೌಟಿಂಗ್ ಬಿಲ್ ಪಾಸಾಗುವ ಮುನ್ನ ನಾವು ಕೇಳಬೇಕಾದ್ದು ಎರಡೇ ಅಂಕಿ: ಜಲಾಶಯ ಅದೇ ಮಟ್ಟದಲ್ಲಿದ್ದಾಗ, ಜಿನುಗು ನೀರನ್ನು ಅಳೆಯುವ ಬುಡದ ವಿ-ನಾಚ್‌ನಲ್ಲಿ ಕೆಲಸಕ್ಕೆ ಮುಂಚೆ ನಿಮಿಷಕ್ಕೆ ಎಷ್ಟು ಲೀಟರ್ ಬರುತ್ತಿತ್ತು, ಆಮೇಲೆ ಎಷ್ಟು.