ಆಸ್ಪತ್ರೆಯ ದಾರಿಗೆ ಸರ್ಕಾರಿ ಬಸ್ಸು



ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ ಅನೇಕ ಮನೆಗಳಲ್ಲಿ ಇಂದು ಒಂದು ಮೋಟಾರ್ ಸೈಕಲ್ ಇದೆ. ಅದು ಸಾಮಾನ್ಯವಾಗಿ ಯಜಮಾನನ ಕೈಯಲ್ಲಿರುತ್ತದೆ. ಆತನು ಹೊಲಕ್ಕೋ ಪೇಟೆಗೋ ಹೊರಟುಹೋದರೆ ಗರ್ಭಿಣಿಯಾದ ಪತ್ನಿಯ ತಪಾಸಣೆ ಮುಂದಕ್ಕೆ ಹೋಗುತ್ತದೆ. ಮಗುವಿನ ಚುಚ್ಚುಮದ್ದಿನ ದಿನವೂ ತಪ್ಪುತ್ತದೆ. "ಗಾಡಿ ಬಿಡುವಾದಾಗ ಹೋದರಾಯಿತು" ಎನ್ನುವುದರಲ್ಲಿಯೇ ತಿಂಗಳು ಕಳೆಯುತ್ತದೆ. ಆದರೆ ರಕ್ತಹೀನತೆಯಾಗಲಿ, ಏರಿದ ರಕ್ತದೊತ್ತಡವಾಗಲಿ ಗಾಡಿಗಾಗಿ ಕಾಯುವುದಿಲ್ಲ.

ಈ ತೊಡಕಿಗೆ ಪರಿಹಾರವು ಊರಿನ ರಸ್ತೆಯಲ್ಲಿಯೇ ಇದೆ. ನಮ್ಮ ಭಾಗಕ್ಕೆ ಸರ್ಕಾರಿ ಬಸ್ಸು ಹೊಸದೇನಲ್ಲ. ಬೀದರ್ ಸೀಮೆಯು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, 1932ರಲ್ಲಿಯೇ, ಆ ಸಂಸ್ಥಾನವು 27 ಬಸ್ಸುಗಳಿಂದ ಸಾರಿಗೆಯನ್ನು ಆರಂಭಿಸಿತ್ತು. ಇಂದು ಇಲ್ಲಿ ಆ ಸೇವೆಯನ್ನು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವು ನಡೆಸುತ್ತಿದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯ ಮೇರೆಗೆ ಕರ್ನಾಟಕದ ಮಹಿಳೆಯರು ರಾಜ್ಯದೊಳಗೆ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು.

ತಾಯಂದಿರೇ, ಇದಕ್ಕಾಗಿ ಕರ್ನಾಟಕದ ವಿಳಾಸವುಳ್ಳ, ಸರ್ಕಾರವು ನೀಡಿದ ಗುರುತಿನ ಚೀಟಿಯನ್ನು ತೋರಿಸಬೇಕು. ಐಷಾರಾಮಿ ಬಸ್ಸುಗಳಿಗೆ ಈ ಸೌಲಭ್ಯವಿಲ್ಲ. ನಮ್ಮದು ಗಡಿನಾಡು, ಆದುದರಿಂದ ಮಹಾರಾಷ್ಟ್ರ ಅಥವಾ ತೆಲಂಗಾಣಕ್ಕೆ ಹೋಗುವ ಬಸ್ಸನ್ನು ಹತ್ತುವ ಮೊದಲು ನಿರ್ವಾಹಕರನ್ನು ವಿಚಾರಿಸಿರಿ. ಹಣ ಕೊಡಬೇಕಿಲ್ಲವೆಂದು ಟಿಕೆಟ್ ಪಡೆಯದೆ ಕುಳಿತುಕೊಳ್ಳಬಾರದು. ಆ ಶೂನ್ಯ ಟಿಕೆಟಿನ ಲೆಕ್ಕದ ಮೇಲೆಯೇ ಸರ್ಕಾರವು ನಿಗಮಕ್ಕೆ ಹಣ ತುಂಬಿಕೊಡುತ್ತದೆ.

ಗರ್ಭಾವಸ್ಥೆಯಲ್ಲಿ ಕನಿಷ್ಠ ನಾಲ್ಕು ಬಾರಿ ತಪಾಸಣೆ ಅವಶ್ಯಕ; ಮೊದಲನೆಯದು ಮೂರು ತಿಂಗಳೊಳಗೆ ಆಗಬೇಕು. ನಾಲ್ಕನೆಯ ತಿಂಗಳಿನಿಂದ, ಪ್ರತಿ ತಿಂಗಳ 9ನೆಯ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಉಚಿತ ತಪಾಸಣೆಗೂ ಹೋಗಬಹುದು. ತಾಯಿ ಕಾರ್ಡನ್ನೂ ಗುರುತಿನ ಚೀಟಿಯನ್ನೂ ಒಂದೇ ಚೀಲದಲ್ಲಿಟ್ಟುಕೊಳ್ಳಿರಿ. ವೈದ್ಯರು ದೊಡ್ಡ ಆಸ್ಪತ್ರೆಗೆ ಹೋಗಲು ಸೂಚಿಸಿದರೆ ಬಸ್ಸಲ್ಲದೆ ರೈಲೂ ಇದೆ. 2017ರ ಅಕ್ಟೋಬರ್ 29ರಂದು ಆರಂಭವಾದ ಬೀದರ್–ಕಲಬುರಗಿ ಮಾರ್ಗವು ಹುಮನಾಬಾದಿನ ಮೂಲಕವೇ ಹಾದುಹೋಗುತ್ತದೆ.

ಸಹೋದರರೇ, ಮೋಟಾರ್ ಸೈಕಲ್ ಬೇಡವೆಂದು ನಾವು ಹೇಳುತ್ತಿಲ್ಲ. ಅದು ಇಬ್ಬರ ವಾಹನ. ಸವಾರನ ಹಿಂದೆ ಒಬ್ಬರು ಮಾತ್ರ ಕೂಡಬೇಕೆಂಬುದು ಕಾನೂನು. ಇಬ್ಬರಿಗೂ ಶಿರಸ್ತ್ರಾಣ ಕಡ್ಡಾಯ. ಹೀಗಿರುವಾಗ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆಂದು ಪತಿ, ಪತ್ನಿ, ಇಬ್ಬರು ಮಕ್ಕಳು ಒಂದೇ ಗಾಡಿಯ ಮೇಲೆ, ಲಾರಿಗಳು ಓಡುವ ಹೆದ್ದಾರಿಗೆ ಇಳಿಯುವುದು ತರವೇ? ಬಸ್ಸಿನಲ್ಲಿ ಪತ್ನಿಗೆ ಖರ್ಚಿಲ್ಲ, ನಿಮಗೆ ಒಂದು ಟಿಕೆಟ್ ಸಾಕು. ಉಳಿದ ಪೆಟ್ರೋಲಿನ ಹಣವು ಮನೆಯಲ್ಲಿ ಹಾಲು, ಮೊಟ್ಟೆ, ಸೊಪ್ಪಾಗಲಿ.

ಆದರೆ ಒಂದು ಎಚ್ಚರಿಕೆ. ಹೆರಿಗೆ ನೋವು ಬಂದಾಗ, ರಕ್ತಸ್ರಾವವಾದಾಗ, ಫಿಟ್ಸ್ ಬಂದಾಗ ಬಸ್ಸಿಗಾಗಿಯೂ ಕಾಯಬೇಡಿ, ಮೋಟಾರ್ ಸೈಕಲ್ಲಿನ ಮೇಲೂ ಕೂರಿಸಬೇಡಿ. ತಕ್ಷಣ 108ಕ್ಕೆ ಕರೆ ಮಾಡಿರಿ. ಆ ವಾಹನಕ್ಕೆ ಹಣ ಕೊಡಬೇಕಾಗಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಬಳಿಕ ತಾಯಿ-ಮಗುವನ್ನು ಮನೆಗೆ ಮುಟ್ಟಿಸಲು ನಗು-ಮಗು ವಾಹನವನ್ನು ಕೇಳಿರಿ.

"ನಮ್ಮೂರಿಗೆ ಬಸ್ಸೇ ಸರಿಯಾಗಿ ಬರುವುದಿಲ್ಲ" ಎನ್ನುವವರು ಮನೆಯಲ್ಲಿ ಬೇಸರಿಸಿ ಕುಳಿತರೆ ಪ್ರಯೋಜನವಿಲ್ಲ. ಗ್ರಾಮಸಭೆಯಲ್ಲಿ ವಿಷಯವನ್ನು ಎತ್ತಿರಿ. ಆಸ್ಪತ್ರೆಯ ವೇಳೆಗೆ ಹೊಂದುವಂತೆ ಬಸ್ಸು ಬೇಕೆಂದು ಬರೆದು, ಗಂಡಸರೂ ಹೆಂಗಸರೂ ಸಹಿ ಮಾಡಿ, ಘಟಕದ ವ್ಯವಸ್ಥಾಪಕರಿಗೆ ಕೊಡಿರಿ. ಬಂದ ಬಸ್ಸನ್ನು ತಪ್ಪದೆ ಬಳಸಿರಿ. ಜನರು ಹತ್ತುವ ಬಸ್ಸು ಊರಿಗೆ ಉಳಿಯುತ್ತದೆ.

ಪತ್ನಿಯು ಒಬ್ಬಳೇ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗಿಬಂದರೆ ಮನೆತನದ ಮರ್ಯಾದೆಗೆ ಕುಂದಿಲ್ಲ. ಅತ್ತೆ-ಮಾವಂದಿರಿಗೂ ಇದನ್ನು ತಿಳಿಸಿ ಹೇಳಿರಿ. ಮುಂದಿನ ತಪಾಸಣೆಯ ದಿನವನ್ನೂ ಬಸ್ಸಿನ ವೇಳೆಯನ್ನೂ ಇಂದೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ.